ಸಸಿ ಕೊಳ್ಳುವ ಮುನ್ನ ತಾಯಿಮರವನ್ನು ನೋಡಿ

ದಾವಣಗೆರೆಯಿಂದ ಹರಿಹರಕ್ಕೆ, ಅಲ್ಲಿಂದ ಮಲೇಬೆನ್ನೂರಿನ ಕಡೆಗೆ ಹೋಗುವವರಿಗೆ ದಾರಿಯ ಎರಡು ಬದಿಯಲ್ಲೂ ಒಂದು ಬದಲಾವಣೆ ಎದ್ದು ಕಾಣುತ್ತದೆ. ಭದ್ರಾ ನಾಲೆಯ ನೀರು ಬಂದ ಮೇಲೆ ದಶಕಗಳ ಕಾಲ ಭತ್ತವನ್ನೇ ಬೆಳೆದ ಗದ್ದೆಗಳಲ್ಲಿ ಈಗ ಅಡಿಕೆ ಸಸಿಗಳು ಸಾಲುಗಟ್ಟಿ ನಿಂತಿವೆ. ಚನ್ನಗಿರಿ ತಾಲ್ಲೂಕಿಗೆ ಅಡಿಕೆ ಹಳೆಯ ನಂಟು. ದಾವಣಗೆರೆ, ಹರಿಹರ ತಾಲ್ಲೂಕುಗಳ ನಾಲಾ ಬಯಲಿಗೆ ಅದು ಬಹುಮಟ್ಟಿಗೆ ಹೊಸ ಬೆಳೆ. ಒಂದೆರಡು ಎಕರೆಯ ಸಣ್ಣ ಹಿಡುವಳಿದಾರರೇ ಹೆಚ್ಚಾಗಿ ಸಾಲ ಮಾಡಿ, ಗದ್ದೆ ಏರಿಸಿ, ಸಸಿ ನೆಡುತ್ತಿದ್ದಾರೆ.

ಇವರು ನಮ್ಮನ್ನು ಕೇಳುವ ಪ್ರಶ್ನೆಗಳೆಂದರೆ ಗುಂಡಿಯ ಅಳತೆ ಎಷ್ಟು, ಅಂತರ ಎಷ್ಟು, ಗೊಬ್ಬರ ಯಾವುದು, ಸಾಲ ಎಷ್ಟು ಸಿಕ್ಕೀತು ಎಂಬುವೇ. ಸಸಿ ಎಲ್ಲಿಂದ ತಂದಿರಿ ಎಂದು ನಾವು ಕೇಳಿದರೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: ಸಂತೆಯಲ್ಲಿ ಒಳ್ಳೆಯ ಸಸಿ ಬಂದಿತ್ತು, ಎತ್ತರವಾಗಿ ಹಸಿರಾಗಿ ಇತ್ತು, ತಂದೆವು. ಆ ಸಸಿಯ ತಾಯಿಮರ ಯಾವುದೆಂದು ಮಾರಿದವನಿಗೂ ಗೊತ್ತಿಲ್ಲ, ಕೊಂಡವನಿಗೂ ಗೊತ್ತಿಲ್ಲ.

ಭತ್ತದ ಬೀಜ ಕೆಟ್ಟದಾದರೆ ಒಂದು ಹಂಗಾಮು ಹೋಗುತ್ತದೆ, ಮುಂದಿನ ಹಂಗಾಮಿಗೆ ಬೀಜ ಬದಲಿಸಬಹುದು. ಅಡಿಕೆ ಹಾಗಲ್ಲ. ನೆಟ್ಟ ಸಸಿ ಕೆಟ್ಟದ್ದೆಂದು ತಿಳಿಯುವುದಕ್ಕೇ ಆರೇಳು ವರ್ಷ ಬೇಕು. ತಿಳಿದ ಮೇಲೂ ಕಡಿಯಲು ಕೈ ಬರುವುದಿಲ್ಲ. ಆ ಮರ ನಲವತ್ತು ವರ್ಷ ನಿಮ್ಮ ನೀರು ಕುಡಿದು, ನಿಮ್ಮ ಗೊಬ್ಬರ ತಿಂದು, ಪಕ್ಕದ ಮರದ ಅರ್ಧ ಫಸಲು ಕೊಡುತ್ತಾ ನಿಂತಿರುತ್ತದೆ. ಆದುದರಿಂದ ತಳಿಯ ಆಯ್ಕೆ ಎಂಬ ವಿಷಯವನ್ನು ನಮ್ಮ ಸದಸ್ಯರಿಗೆ ಸ್ವಲ್ಪ ವಿವರವಾಗಿ ತಿಳಿಸಬೇಕೆಂದು ಈ ಲೇಖನ.

ಆಯ್ಕೆ ಎಂದರೇನು?

ಇದು ಹೊಸ ವಿದ್ಯೆಯಲ್ಲ. ಕಣದಲ್ಲಿ ರಾಶಿ ಹಾಕುವ ಮೊದಲೇ ಜೋಳದ ದಪ್ಪ ತೆನೆಗಳನ್ನು ಆರಿಸಿ ಬೀಜಕ್ಕೆಂದು ಸೂರಿಗೆ ಕಟ್ಟಿಡುತ್ತಿದ್ದ ನಮ್ಮ ಹಿರಿಯರು ಮಾಡುತ್ತಿದ್ದುದು ಇದನ್ನೇ. ಒಂದೇ ಹೊಲದ ಗಿಡಗಳಲ್ಲಿ ವ್ಯತ್ಯಾಸ ಇರಬೇಕು. ಆ ವ್ಯತ್ಯಾಸದಲ್ಲಿ ಒಂದು ಪಾಲಾದರೂ ಸಂತತಿಗೆ ಇಳಿಯುವಂಥದ್ದಾಗಿರಬೇಕು. ನಮಗೆ ಬೇಕಾದ ಗುಣವುಳ್ಳವನ್ನು ಮಾತ್ರ ಮುಂದಿನ ಪೀಳಿಗೆಗೆ ಬಿಡಬೇಕು. ಈ ಮೂರು ಕೂಡಿದರೆ ತಲೆಮಾರಿನಿಂದ ತಲೆಮಾರಿಗೆ ತಳಿ ನಾವು ಬಯಸಿದ ಕಡೆಗೆ ಸರಿಯುತ್ತಾ ಹೋಗುತ್ತದೆ. ಇಂಗ್ಲೆಂಡಿನ ಡಾರ್ವಿನ್ 1859ರಲ್ಲಿ ಪ್ರಕಟಿಸಿದ ತನ್ನ ಪ್ರಸಿದ್ಧ ಗ್ರಂಥದ ಮೊದಲ ಅಧ್ಯಾಯವನ್ನೇ ರೈತರೂ ಪಾರಿವಾಳ ಸಾಕುವವರೂ ಮಾಡುವ ಈ ಆಯ್ಕೆಗೆ ಮೀಸಲಿಟ್ಟ. ಕಾಡಿನಲ್ಲಿ ಪ್ರಕೃತಿ ಮಾಡುವುದನ್ನು ಅರಿಯಲು ಅವನು ಮೊದಲು ನೋಡಿದ್ದು ಕೊಟ್ಟಿಗೆ ಮತ್ತು ಹಿತ್ತಿಲನ್ನು.

"ನೂಲಿನಂತೆ ಸೀರೆ, ತಾಯಿಯಂತೆ ಮಗಳು" ಎಂಬ ಗಾದೆ ಗಿರಣಿಗಳ ಊರಾದ ದಾವಣಗೆರೆಯಲ್ಲಿ ಎಲ್ಲರಿಗೂ ಪರಿಚಿತ. ಗಾದೆ ಸುಳ್ಳಲ್ಲ. ಆದರೆ ಅದು ಅರ್ಧ ನಿಜ. ಉಳಿದರ್ಧವನ್ನು ತಿಳಿಯದೆ ಬೀಜ ಆರಿಸಿದರೆ ನಿರಾಶೆ ಖಂಡಿತ. ಅದನ್ನು ನಮ್ಮ ಸುತ್ತಮುತ್ತಲಿನ ಉದಾಹರಣೆಗಳಿಂದಲೇ ನೋಡೋಣ.

ಅಜ್ಜಂಪುರದ ದನಗಳು

ಚನ್ನಗಿರಿಗೆ ದೂರವಲ್ಲದ ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಸಂವರ್ಧನ ಕೇಂದ್ರವಿರುವುದು ಸದಸ್ಯರಿಗೆ ತಿಳಿದೇ ಇದೆ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಈ ದನಗಳ ಇಲಾಖೆಗೆ ಬೆಣ್ಣೆ ಚಾವಡಿ ಎಂದು ಹೆಸರಿತ್ತು. ಹೈದರಾಲಿ ಈ ಎತ್ತುಗಳನ್ನು ದಂಡಿನ ಸಾಮಾನು ಮತ್ತು ಫಿರಂಗಿ ಎಳೆಯಲು ಬಳಸಿದ. ಟಿಪ್ಪು ಸುಲ್ತಾನ್ ಅಮೃತಮಹಲ್ ಎಂದು ಹೆಸರಿಟ್ಟ. ಹಳ್ಳಿಕಾರ್ ಮೂಲದ ದನಗಳಿಂದ, ವೇಗ ಮತ್ತು ದಣಿಯದ ನಡಿಗೆ ಇವೆರಡನ್ನೇ ಗುರಿಯಾಗಿಟ್ಟು ಪೀಳಿಗೆಗಳ ಕಾಲ ಆಯ್ಕೆ ಮಾಡಿದ್ದರ ಫಲ ಈ ತಳಿ. ಕಾವಲುಗಳಲ್ಲಿ ಹುಲ್ಲು ಮೇಯ್ದೇ ಬೆಳೆಯುತ್ತಿದ್ದುದರಿಂದ ಗಟ್ಟಿಮುಟ್ಟಾದದ್ದೇ ಉಳಿಯಿತು.

ಆದರೆ ಹಸು ಕೊಡುವ ಹಾಲು ತೀರಾ ಕಡಿಮೆ, ಹೆಚ್ಚುಕಡಿಮೆ ಕರುವಿಗಷ್ಟೇ ಸಾಕು. ಹಾಲಿಗಾಗಿ ಆ ತಳಿಯನ್ನು ಯಾರೂ ಆರಿಸಲಿಲ್ಲ, ಆದುದರಿಂದ ಹಾಲು ಬರಲಿಲ್ಲ. ಲಾರಿ, ಟ್ರ್ಯಾಕ್ಟರುಗಳು ಬಂದ ಮೇಲೆ ಎಳೆಯುವ ಎತ್ತಿಗೆ ಬೇಡಿಕೆ ಕುಗ್ಗಿ, ತಳಿಯ ಸಂಖ್ಯೆಯೂ ಕುಗ್ಗಿತು.

ಇದರಲ್ಲಿ ನಮಗೆ ಎರಡು ಪಾಠಗಳುಂಟು. ಆಯ್ಕೆ ಎಂಬುದು ಕೇಳಿದ್ದನ್ನು ಕೊಡುತ್ತದೆ, ಕೇಳದೆ ಇದ್ದುದನ್ನು ಕೊಡುವುದಿಲ್ಲ. ಆದುದರಿಂದ ಏನು ಬೇಕೆಂದು ಮೊದಲೇ ನಿಶ್ಚಯಿಸಬೇಕು. ಎರಡನೆಯದು, ನಾವು ಇಂದು ಆರಿಸಿದ ಗುಣ ನಮ್ಮ ಮಕ್ಕಳ ಕಾಲಕ್ಕೂ ಬೇಕಾಗುವಂಥದ್ದೇ ಎಂದು ಯೋಚಿಸಬೇಕು. ಇಂದು ನೆಡುವ ಅಡಿಕೆಗೆ ಮುವ್ವತ್ತು ವರ್ಷಗಳ ನಂತರ ಹತ್ತಿ ಕೊಯ್ಯುವ ಕೊನೆಗಾರ ಸಿಗುವನೇ? ಸಿಗುವುದು ಕಷ್ಟವೆಂದಾದರೆ ಗೆಣ್ಣು ಹತ್ತಿರವಿರುವ, ನಿಧಾನವಾಗಿ ಎತ್ತರವಾಗುವ ಮರವೂ ನಮ್ಮ ಪಟ್ಟಿಯಲ್ಲಿ ಇರತಕ್ಕದ್ದು.

ಕೆಂಟ್ ಕಾಫಿಯ ಕಥೆ

ಕಾಫಿ ಸದಸ್ಯರಿಗೆ ಕೆಂಟ್ ಎಂಬ ಹೆಸರು ಚೆನ್ನಾಗಿ ಗೊತ್ತು. ಸಿಂಹಳದಲ್ಲಿ 1869ರಲ್ಲಿ ಕಾಣಿಸಿಕೊಂಡ ಎಲೆ ತುಕ್ಕು ರೋಗ ಅಲ್ಲಿನ ಕಾಫಿ ಬೆಳೆಯನ್ನೇ ನುಂಗಿ ಹಾಕಿತು. ಮೈಸೂರು, ಕೊಡಗುಗಳ ತೋಟಗಳೂ ಪೆಟ್ಟು ತಿಂದವು. 1911ರ ಸುಮಾರಿಗೆ ಮೈಸೂರು ಸಂಸ್ಥಾನದ ದೊಡ್ಡನಗುಡ್ಡ ತೋಟದಲ್ಲಿ ಎಲ್. ಪಿ. ಕೆಂಟ್ ಎಂಬ ಪ್ಲಾಂಟರು, ಸುತ್ತಲಿನ ಗಿಡಗಳಿಗೆ ತುಕ್ಕು ಹಿಡಿದಿದ್ದರೂ ಎಲೆ ಹಸಿರಾಗಿ ಉಳಿದಿದ್ದ ಗಿಡವೊಂದನ್ನು ಗುರುತಿಸಿದರು. ಅದರ ಬೀಜದಿಂದ ಸಸಿ ಎಬ್ಬಿಸಿದರು. ಆ ಸಸಿಗಳೂ ತುಕ್ಕು ತಡೆದವು. ಕೆಂಟ್ ಕಾಫಿ ನಮ್ಮ ತೋಟಗಳಲ್ಲಿ ಮಾತ್ರವಲ್ಲ, ಆಫ್ರಿಕದ ಕೆನ್ಯಾದವರೆಗೂ ಹರಡಿತು.

ಒಂದೇ ಗಿಡದಿಂದ ಇಷ್ಟು ಸಾಧ್ಯವಾದುದು ಹೇಗೆ? ಅರೇಬಿಕಾ ಕಾಫಿ ಬಹುಮಟ್ಟಿಗೆ ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ. ತಾಯಿಯೂ ತಂದೆಯೂ ಒಂದೇ ಗಿಡ. ಆದುದರಿಂದ ಬೀಜದ ಸಸಿ ತಾಯಿಯನ್ನೇ ಹೋಲುತ್ತದೆ. ಭತ್ತವೂ ಹೀಗೆಯೇ. ನಾಲೆಯ ಬಯಲಿನ ರೈತರು ತಮ್ಮ ಗದ್ದೆಯ ಭತ್ತದಲ್ಲೇ ಬೀಜ ಎತ್ತಿಟ್ಟು ವರ್ಷಗಟ್ಟಲೆ ಬಿತ್ತಲು ಸಾಧ್ಯವಾಗುವುದು ಇದೇ ಕಾರಣದಿಂದ.

ಆದರೆ ಕೆಂಟ್ ಕಾಫಿಯ ಕಥೆ ಸುಖಾಂತವಲ್ಲ. ಕೆಲವು ವರ್ಷಗಳ ನಂತರ ಅದಕ್ಕೂ ತುಕ್ಕು ಹಿಡಿಯಿತು. ಬಾಳೆಹೊನ್ನೂರಿನ ಬಳಿ 1925ರಲ್ಲಿ ಸ್ಥಾಪನೆಯಾಗಿದ್ದ ಕಾಫಿ ಸಂಶೋಧನಾ ಕೇಂದ್ರದಲ್ಲಿ ಡಬ್ಲ್ಯೂ. ಡಬ್ಲ್ಯೂ. ಮೇನ್ ಅವರು 1930ರ ದಶಕದಲ್ಲಿ ಇದರ ಕಾರಣ ತೋರಿಸಿದರು. ತುಕ್ಕಿನ ಶಿಲೀಂಧ್ರದಲ್ಲೂ ಬೇರೆಬೇರೆ ವಂಶಗಳಿವೆ. ಒಂದು ವಂಶವನ್ನು ತಡೆಯುವ ಗಿಡ ಇನ್ನೊಂದನ್ನು ತಡೆಯಲಾರದು. ನಾವು ಕಾಫಿಯನ್ನು ಆರಿಸುತ್ತಿದ್ದಾಗ, ನಾವು ಆರಿಸಿದ ಕಾಫಿ ಶಿಲೀಂಧ್ರವನ್ನು ಆರಿಸುತ್ತಿತ್ತು! ಸಾವಿರಾರು ಎಕರೆಯಲ್ಲಿ ಒಂದೇ ಬಗೆಯ ಗಿಡ ನಿಂತಾಗ ಅದನ್ನು ತಿನ್ನಬಲ್ಲ ವಂಶಕ್ಕೆ ಹಬ್ಬದೂಟ ಹಾಕಿದಂತಾಯಿತು.

ಮುಂದೆ ಬಾಳೆಹೊನ್ನೂರಿನವರು ಬೇರೆ ದಾರಿ ಹಿಡಿದರು. ಅರೇಬಿಕಾ ಮತ್ತು ಲೈಬೀರಿಕಾ ಕಾಫಿಗಳ ಸಹಜ ಸಂಕರದಿಂದ ಬಂದ ಎಸ್. 288 ಎಂಬ ಆಯ್ಕೆಯನ್ನು ಕೆಂಟ್ ಜೊತೆ ಕೂಡಿಸಿ 1940ರ ದಶಕದಲ್ಲಿ ಹೊರತಂದದ್ದೇ ಎಸ್. 795. ಅದರ ರೋಗನಿರೋಧವೂ ಕಾಲಕ್ರಮದಲ್ಲಿ ಸಡಿಲವಾಯಿತಾದರೂ, ಫಸಲು ಮತ್ತು ಬಟ್ಟಲಿನ ರುಚಿಯಿಂದಾಗಿ ಅದು ಇಂದಿಗೂ ತೋಟಗಳಲ್ಲಿ ಉಳಿದಿದೆ. 2007ರಲ್ಲಿ ಚಂದ್ರಗಿರಿ ತಳಿ ಬಿಡುಗಡೆಯಾಯಿತು. ಕೆಲಸ ಮುಗಿಯಲಿಲ್ಲ, ಮುಗಿಯುವಂಥದ್ದೂ ಅಲ್ಲ.

ಹತ್ತಿಯ ಪಾಠ

ಇನ್ನು ದಾವಣಗೆರೆಗೆ ಬರೋಣ. 1997ರಲ್ಲಿ ಜಿಲ್ಲೆಯಾಗುವ ಮೊದಲು, ಚಿತ್ರದುರ್ಗ ಜಿಲ್ಲೆಯಲ್ಲಿದ್ದ ಕಾಲದಿಂದಲೂ ಈ ಊರಿಗೆ ಹೆಸರು ತಂದದ್ದು ಹತ್ತಿಯ ಗಿರಣಿಗಳು. ಗಿರಣಿಗೆ ಬೇಕಾದದ್ದು ಉದ್ದ ಎಳೆಯ ಹತ್ತಿ. ಧಾರವಾಡದ ಸಂಶೋಧನಾ ಕೇಂದ್ರದಲ್ಲಿ ಡಾ. ಬಿ. ಎಚ್. ಕಟರ್ಕಿ ಅವರು ಎರಡು ಬೇರೆಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ 1972ರಲ್ಲಿ ವರಲಕ್ಷ್ಮಿ ಎಂಬ ಸಂಕರ ಹತ್ತಿಯನ್ನು ಕೊಟ್ಟರು. ತಾಯಿ ನಮ್ಮಲ್ಲಿ ಆಗಲೇ ರೂಢಿಯಲ್ಲಿದ್ದ ಲಕ್ಷ್ಮಿ. ತಂದೆ ಉದ್ದ ಎಳೆಯ ಜಾತಿಯದು. ಇದರ ಹಿಂದೆಯೇ 1981ರಲ್ಲಿ ಡಿ.ಸಿ.ಎಚ್. 32, ಅಂದರೆ ಜಯಲಕ್ಷ್ಮಿ ಬಂದಿತು.

ಈ ಬೀಜ ತಯಾರಿಸುವ ಬಗೆಯನ್ನು ಅನೇಕ ಸದಸ್ಯರು ಕಣ್ಣಾರೆ ಕಂಡಿದ್ದೀರಿ. ಸಂಜೆ ತಾಯಿಗಿಡದ ಮೊಗ್ಗು ಬಿಡಿಸಿ ಕೇಸರಗಳನ್ನು ಕಿತ್ತು ತೆಗೆಯಬೇಕು. ಮರುದಿನ ಬೆಳಿಗ್ಗೆ ತಂದೆಗಿಡದ ಹೂವಿನ ಪರಾಗವನ್ನು ಅದಕ್ಕೆ ಮುಟ್ಟಿಸಬೇಕು. ಹೂವೊಂದೊಂದಕ್ಕೂ ಕೈಕೆಲಸ. ಹೆಣ್ಣುಮಕ್ಕಳ ಬೆರಳುಗಳ ಈ ಶ್ರಮವೇ ಸಂಕರ ಹತ್ತಿಯ ಬೆನ್ನೆಲುಬು.

ಆದರೆ ಸಂಕರ ಹತ್ತಿಯಲ್ಲಿ ಬೀಜ ಎತ್ತಿಟ್ಟು ಮರುವರ್ಷ ಬಿತ್ತಿದವರ ಪಾಡೇನಾಯಿತು? ಒಂದು ಗಿಡ ಗಿಡ್ಡ, ಒಂದು ಎತ್ತರ, ಎಳೆ ಒಂದರಂತೆ ಒಂದಿಲ್ಲ. ಹರಿಹರದ ಹರಿಹರೇಶ್ವರನ ವಿಗ್ರಹದಲ್ಲಿ ಒಂದು ಮಗ್ಗುಲು ಹರ, ಇನ್ನೊಂದು ಮಗ್ಗುಲು ಹರಿ ಎಂದು ಕಣ್ಣಿಗೆ ಸ್ಪಷ್ಟವಾಗಿ ತೋರುತ್ತದೆ. ಸಂಕರದ ಗಿಡದಲ್ಲಿ ಹಾಗೆ ತೋರುವುದಿಲ್ಲ. ತಾಯಿ ತಂದೆಯರ ಗುಣಗಳು ಒಂದರ ಮರೆಯಲ್ಲಿ ಒಂದು ಅಡಗಿರುತ್ತವೆ. ಅಡಗಿದ್ದವು ಮುಂದಿನ ಪೀಳಿಗೆಯಲ್ಲಿ ಬೇರೆಬೇರೆಯಾಗಿ ಹೊರಬೀಳುತ್ತವೆ. ಬಟಾಣಿ ಗಿಡಗಳ ಮೇಲೆ ಪ್ರಯೋಗ ಮಾಡಿ ಈ ನಿಯಮವನ್ನು 1866ರಲ್ಲಿ ಪ್ರಕಟಿಸಿದವನು ಮೆಂಡೆಲ್ ಎಂಬ ಪಾದ್ರಿ. 1900ರವರೆಗೆ ಅದಕ್ಕೆ ಯಾರೂ ಬೆಲೆ ಕೊಡಲಿಲ್ಲ. ದಾವಣಗೆರೆಯ ಹೊಲಗಳಲ್ಲಿ ಹತ್ತಿಯ ಜಾಗವನ್ನು ಈಗ ಬಹುಮಟ್ಟಿಗೆ ಆಕ್ರಮಿಸಿರುವ ಸಂಕರ ಮೆಕ್ಕೆಜೋಳಕ್ಕೂ ಇದೇ ನಿಯಮ. ಅದಕ್ಕೇ ಪ್ರತಿ ವರ್ಷ ಹೊಸ ಬೀಜ ಕೊಳ್ಳಬೇಕಾಗಿದೆ.

ಅಡಿಕೆಗೆ ತಂದೆ ಯಾರು?

ಈಗ ಮುಖ್ಯ ಪ್ರಶ್ನೆ. ಅಡಿಕೆ ಕೆಂಟ್ ಕಾಫಿಯ ಹಾಗೆಯೋ, ಸಂಕರ ಹತ್ತಿಯ ಹಾಗೆಯೋ?

ಅಡಿಕೆಯ ಹಿಂಗಾರವನ್ನು ಗಮನಿಸಿ ನೋಡಿ. ಎಳೆಗಳ ತುದಿಯ ಕಡೆಗೆ ಸಾವಿರಾರು ಸಣ್ಣ ಗಂಡು ಹೂಗಳು, ಬುಡದ ಕಡೆಗೆ ದಪ್ಪನಾದ ಕೆಲವೇ ಹೆಣ್ಣು ಹೂಗಳು. ಗಂಡು ಹೂಗಳು ಮೊದಲು ಅರಳಿ, ಉದುರಿ ಮುಗಿದ ಮೇಲೆ ಹೆಣ್ಣು ಹೂಗಳು ಅರಳುತ್ತವೆ. ಆದುದರಿಂದ ಅದೇ ಹಿಂಗಾರದ ಪರಾಗ ಅದಕ್ಕೆ ದೊರೆಯುವುದು ಅಪರೂಪ. ಗಾಳಿ ಹೊತ್ತು ತರುವ ಬೇರೆ ಮರಗಳ ಪರಾಗದಿಂದಲೇ ಕಾಯಿ ಕಟ್ಟಬೇಕು. ರೊಬಸ್ಟಾ ಕಾಫಿಯೂ ಇದೇ ಜಾಡಿನದು, ತನ್ನ ಪರಾಗ ತನಗೆ ಸಲ್ಲದು.

ಅಂದರೆ ನೀವು ಆರಿಸಿದ ಗೊನೆಯ ತಾಯಿ ಯಾರೆಂದು ಗೊತ್ತು, ತಂದೆ ಯಾರೆಂದು ಗೊತ್ತಿಲ್ಲ. ತೋಟದ ಅತ್ಯುತ್ತಮ ಮರದ ಕಾಯಿಗೆ ತೋಟದ ಅತಿ ಬಡಕಲು ಮರ ತಂದೆಯಾಗಿದ್ದೀತು. "ಮಂಗಳ ತಳಿಯ ಮರದ ಗೋಟು" ಎಂದು ನೆರೆಯವರು ಕೊಟ್ಟರೂ, ಆ ಮರದ ಸುತ್ತ ನಾಡತಳಿಯೇ ತುಂಬಿದ್ದರೆ, ಎದ್ದ ಸಸಿ ಅರ್ಧ ಮಂಗಳ ಮಾತ್ರ.

ತಿಪ್ಪೆಯ ಪಕ್ಕದ ಮರ

ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮವಾದುದು. ತೋಟಕ್ಕೆ ಹೋಗಿ ಹೆಚ್ಚು ಗೊನೆಯ ಮರ ತೋರಿಸಿ ಎಂದರೆ ತೋಟಗಾರರು ಅನೇಕ ವೇಳೆ ಕೊಟ್ಟಿಗೆಯ ಹಿಂದಿನ, ತಿಪ್ಪೆಯ ಪಕ್ಕದ, ಬಚ್ಚಲ ನೀರು ಹರಿಯುವ ಕಡೆಯ ಮರವನ್ನೇ ತೋರಿಸುತ್ತಾರೆ. ಆ ಮರ ಹೆಚ್ಚು ಬಿಟ್ಟದ್ದು ವಂಶದ ಗುಣದಿಂದಲೋ, ಸಗಣಿಯ ಗುಣದಿಂದಲೋ? ಸಗಣಿಯ ಗುಣ ಬೀಜದಲ್ಲಿ ಇಳಿಯುವುದಿಲ್ಲ.

ಡೆನ್ಮಾರ್ಕಿನ ಯೊಹಾನ್ಸೆನ್ ಎಂಬ ವಿಜ್ಞಾನಿ 1903ರಲ್ಲಿ ಇದನ್ನು ಹುರುಳಿಕಾಯಿಯ ಬೀಜಗಳಿಂದ ತೋರಿಸಿದ. ಒಂದೇ ಶುದ್ಧ ವಂಶದ ಗಿಡಗಳಲ್ಲಿ ದಪ್ಪ ಬೀಜ, ಸಣ್ಣ ಬೀಜ ಬೇರೆ ಮಾಡಿ ಬಿತ್ತಿದ. ಎರಡರ ಸಂತತಿಯ ಬೀಜಗಳೂ ಸರಾಸರಿಯಲ್ಲಿ ಒಂದೇ ತೂಕ ಬಂದವು. ಆ ದಪ್ಪ ಸಣ್ಣ ಎಲ್ಲವೂ ಮಣ್ಣು ನೀರು ಬಿಸಿಲಿನಿಂದ ಬಂದದ್ದಾಗಿದ್ದುದರಿಂದ ಅಲ್ಲಿ ಆಯ್ಕೆಗೆ ಫಲವಿರಲಿಲ್ಲ. ಬೇರೆಬೇರೆ ವಂಶಗಳ ನಡುವೆ ಆರಿಸಿದಾಗ ಮಾತ್ರ ವ್ಯತ್ಯಾಸ ಉಳಿದು ಬಂದಿತು.

ಇದಕ್ಕೆ ಒಂದು ಲೆಕ್ಕ ಹಾಕಿ ನೋಡೋಣ. ಅಂಕಿಗಳು ಉದಾಹರಣೆಗೆ ಮಾತ್ರ. ತೋಟದ ಸರಾಸರಿ ಮರ ವರ್ಷಕ್ಕೆ 2 ಕಿಲೋ ಒಣ ಅಡಿಕೆ ಕೊಡುತ್ತದೆಂದೂ, ನಾವು ಆರಿಸಿದ ತಾಯಿಮರಗಳು 3 ಕಿಲೋ ಕೊಡುತ್ತವೆಂದೂ ಇಟ್ಟುಕೊಳ್ಳಿ. ಹೆಚ್ಚಿನ 1 ಕಿಲೋದಲ್ಲಿ ಅರ್ಧ ವಂಶದಿಂದ, ಅರ್ಧ ಮಣ್ಣಿನಿಂದ ಬಂದದ್ದಾದರೆ, ವಂಶದ ಪಾಲು ಅರ್ಧ ಕಿಲೋ. ತಂದೆ ಸಾಧಾರಣ ಮರವಾದುದರಿಂದ ಇದರಲ್ಲಿ ಅರ್ಧ ಮಾತ್ರ ಸಂತತಿಗೆ ಇಳಿಯುತ್ತದೆ, ಅಂದರೆ ಕಾಲು ಕಿಲೋ. 3 ಕಿಲೋ ನಿರೀಕ್ಷಿಸಿದವನಿಗೆ ಸರಾಸರಿ ಸಿಗುವುದು 2.25 ಕಿಲೋ.

ಇಷ್ಟೇ ಎಂದು ತಿರಸ್ಕರಿಸಬೇಡಿ. 9 ಅಡಿ ಅಂತರದಲ್ಲಿ ಎಕರೆಗೆ ಸುಮಾರು 550 ಮರ. ಮರಕ್ಕೆ ಕಾಲು ಕಿಲೋ ಎಂದರೆ ಎಕರೆಗೆ ವರ್ಷಕ್ಕೆ ಸುಮಾರು 137 ಕಿಲೋ. ಅದೇ ನೀರು, ಅದೇ ಗೊಬ್ಬರ, ಅದೇ ಕೂಲಿ. ಬೀಜ ಆರಿಸಿದ್ದಷ್ಟೇ ಹೆಚ್ಚಿನ ಶ್ರಮ. ಫಸಲಿನ ವರ್ಷಗಳುದ್ದಕ್ಕೂ ಇದು ಬರುತ್ತಲೇ ಇರುತ್ತದೆ. ತಂದೆಯನ್ನೂ ಆರಿಸಲು ಸಾಧ್ಯವಾದರೆ ಲಾಭ ಇಮ್ಮಡಿ. ಸಂಶೋಧನಾ ಕೇಂದ್ರಗಳಲ್ಲಿ ಹಿಂಗಾರಕ್ಕೆ ಚೀಲ ಕಟ್ಟಿ, ಆರಿಸಿದ ಮರದ ಪರಾಗವನ್ನೇ ಸಿಂಪಡಿಸುವುದು ಈ ಇಮ್ಮಡಿಗಾಗಿಯೇ.

ವಿಟ್ಲದ ತಳಿಗಳು

ದಕ್ಷಿಣ ಕನ್ನಡದ ವಿಟ್ಲದಲ್ಲಿ 1956ರಲ್ಲಿ ಅಡಿಕೆ ಸಂಶೋಧನಾ ಕೇಂದ್ರ ಆರಂಭವಾಯಿತು. 1970ರಿಂದ ಅದು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಗೆ ಸೇರಿದೆ. ಹೊರದೇಶಗಳಿಂದಲೂ ದೇಶದ ನಾನಾ ಭಾಗಗಳಿಂದಲೂ ಅಡಿಕೆ ತರಿಸಿ, ನೆಟ್ಟು, ವರ್ಷಗಟ್ಟಲೆ ತೂಗಿ ಅಲ್ಲಿ ತಳಿಗಳನ್ನು ಆರಿಸಲಾಗಿದೆ.

ಚೀನಾದಿಂದ ಬಂದುದರಿಂದ ಆರಿಸಿದ ಮಂಗಳ ತಳಿ 1972ರಲ್ಲಿ ಬಿಡುಗಡೆಯಾಯಿತು. ಬೇಗ ಫಲ ಹಿಡಿಯುವುದು ಅದರ ಗುಣ. ಮರಕ್ಕೆ ವರ್ಷಕ್ಕೆ ಸರಾಸರಿ 3 ಕಿಲೋ ಚಾಲಿ. ಇಂಡೊನೇಷ್ಯಾ ಮೂಲದ ಸುಮಂಗಳ ಮತ್ತು ಸಿಂಗಪುರ ಮೂಲದ ಶ್ರೀಮಂಗಳ 1985ರಲ್ಲಿ ಬಂದವು. ಅವುಗಳ ಇಳುವರಿ ಕ್ರಮವಾಗಿ 3.28 ಮತ್ತು 3.18 ಕಿಲೋ. ಪಶ್ಚಿಮ ಬಂಗಾಳದ ಮೋಹಿತ್‌ನಗರದಿಂದ ತಂದ ಅದೇ ಹೆಸರಿನ ತಳಿ 1991ರಲ್ಲಿ ಬಿಡುಗಡೆಯಾಯಿತು, 3.67 ಕಿಲೋ ಇಳುವರಿಯ ಜೊತೆಗೆ ಮರದಿಂದ ಮರಕ್ಕೆ ವ್ಯತ್ಯಾಸ ಕಡಿಮೆ ಎಂಬುದು ಅದರ ವೈಶಿಷ್ಟ್ಯ. ತುಮಕೂರು ಬಳಿಯ ಹಿರೇಹಳ್ಳಿಯಲ್ಲಿ ದೊರೆತ ಗಿಡ್ಡ ಮರವೊಂದುಂಟು. ಅದರ ಅಡಿಕೆ ಪೇಟೆಗೆ ಒಗ್ಗುವಂಥದ್ದಲ್ಲ. ಆದರೆ ಗಿಡ್ಡತನವನ್ನು ಸುಮಂಗಳ, ಮೋಹಿತ್‌ನಗರಗಳ ಫಸಲಿನೊಂದಿಗೆ ಕೂಡಿಸಿ ಸಂಕರ ತಳಿಗಳನ್ನು ವಿಟ್ಲದಲ್ಲಿ ಮಾಡಿದ್ದಾರೆ.

ಇಲ್ಲಿ ನಮ್ಮ ಸದಸ್ಯರು ಒಂದು ಮಾತು ಗಮನಿಸಬೇಕು. ಮೇಲಿನ ಅಂಕಿಗಳೆಲ್ಲ ಹಣ್ಣಡಿಕೆ ಒಣಗಿಸಿದ ಚಾಲಿಯವು. ನಮ್ಮ ಕಡೆ ಹಸಿ ಕಾಯಿ ಸುಲಿದು, ಬೇಯಿಸಿ ಕೆಂಪಡಿಕೆ ಮಾಡುವುದು ರೂಢಿ. ಎಳೆಯ ಕಾಯಿಯಲ್ಲಿ ತಿರುಳು ಎಷ್ಟು, ಬೇಯಿಸಿ ಒಣಗಿಸಿದಾಗ ತೂಕ ಎಷ್ಟು ಉಳಿಯುತ್ತದೆ ಎಂಬುದು ನಮಗೆ ಮುಖ್ಯ. ಕರಾವಳಿಯಲ್ಲಿ ಮೊದಲ ಸ್ಥಾನ ಪಡೆದ ತಳಿ ನಮ್ಮ ಹಂಡೆಯಲ್ಲೂ ಮೊದಲ ಸ್ಥಾನವನ್ನೇ ಪಡೆಯುತ್ತದೆಂದು ಹೇಳಲಾಗದು. ಆದುದರಿಂದ ಹೊರಗಿನ ಹೆಸರಾಂತ ತಳಿಯನ್ನು ಒಂದು ಭಾಗದಲ್ಲಿ ನೆಟ್ಟು, ನಮ್ಮ ಸೀಮೆಯ ಒಳ್ಳೆಯ ಮರಗಳ ಸಂತತಿಯನ್ನೂ ಉಳಿಸಿಕೊಳ್ಳುವುದು ವಿವೇಕ.

ಸದಸ್ಯರು ಮಾಡತಕ್ಕದ್ದು

1. ಮೊದಲು ಮರವನ್ನು ನೋಡಿ, ಆಮೇಲೆ ಕಾಯಿಯನ್ನು. ಹತ್ತು ವರ್ಷ ದಾಟಿದ, ಮುದಿಯಾಗದ ಮರಗಳಲ್ಲಿ ಆರಿಸಿರಿ. ಬೇಗ ಫಲ ಹಿಡಿದದ್ದು, ತಲೆಯಲ್ಲಿ ಹೆಚ್ಚು ಸೋಗೆ ಇರುವುದು, ಗೆಣ್ಣುಗಳು ಹತ್ತಿರವಿರುವುದು, ಬಿಟ್ಟ ಹೆಣ್ಣು ಹೂಗಳಲ್ಲಿ ಅರ್ಧದಷ್ಟಾದರೂ ಕಾಯಾಗಿ ನಿಲ್ಲುವುದು, ವರ್ಷ ಬಿಟ್ಟು ವರ್ಷವಲ್ಲದೆ ಪ್ರತಿ ವರ್ಷ ಬಿಡುವುದು: ಇವು ಲಕ್ಷಣಗಳು. ಇವುಗಳಲ್ಲಿ ಬೇಗ ಫಲ ಹಿಡಿಯುವ ಗುಣ ಸಂತತಿಗೆ ಚೆನ್ನಾಗಿ ಇಳಿಯುತ್ತದೆಂದು ಕಂಡುಬಂದಿದೆ. ಆದುದರಿಂದ ಹೊಸ ತೋಟದಲ್ಲಿ ಮೊದಲು ಹಿಂಗಾರ ಒಡೆದ ಮರಗಳಿಗೆ ಅಂದೇ ಗುರುತು ಹಾಕಿರಿ.

2. ನೆರೆಯ ಮರದೊಂದಿಗೆ ಹೋಲಿಸಿರಿ. ತಿಪ್ಪೆ, ಕಾಲುವೆ, ಬೇಲಿಯಂಚಿನ ಮರಗಳನ್ನು ಬಿಡಿ. ತೋಟದ ನಡುವೆ, ಸುತ್ತಲಿನ ಎಂಟು ಮರಗಳಂತೆಯೇ ನೀರು ಗೊಬ್ಬರ ಪಡೆದು, ಅವೆಲ್ಲವನ್ನೂ ಮೀರಿ ನಿಂತ ಮರವೇ ನಿಜವಾದ ಉತ್ತಮ ಮರ. ಸುತ್ತಲಿನ ಮರಗಳೂ ಚೆನ್ನಾಗಿದ್ದರೆ ತಂದೆಯ ಕಡೆಯಿಂದಲೂ ಲಾಭ.

3. ಲೆಕ್ಕ ಬರೆದಿಡಿ. ಒಂದು ವರ್ಷದ ಫಸಲು ನೋಡಿ ತೀರ್ಮಾನಿಸಬೇಡಿ. ಗುರುತಿಸಿದ ಮರಗಳಿಗೆ ಬಣ್ಣದಿಂದ ಸಂಖ್ಯೆ ಬರೆದು, ನಾಲ್ಕು ವರ್ಷವಾದರೂ ಗೊನೆಗಳ ಎಣಿಕೆ ಮತ್ತು ತೂಕವನ್ನು ಪುಸ್ತಕದಲ್ಲಿ ದಾಖಲಿಸಿರಿ. ಒಮ್ಮೆಯಾದರೂ ಆ ಮರದ ಕಾಯಿಯನ್ನು ಬೇರೆಯಾಗಿ ಸುಲಿದು ಬೇಯಿಸಿ ಒಣಗಿದ ತೂಕ ನೋಡಿರಿ.

4. ಖೇಣಿ ಕೊಡುವಾಗ ಎಚ್ಚರ. ತೋಟವನ್ನು ಖೇಣಿಗೆ ಕೊಡುವವರು ಗುರುತಿಸಿದ ಮರಗಳನ್ನು ಕರಾರಿನಿಂದ ಹೊರಗಿಡತಕ್ಕದ್ದು. ಇಲ್ಲದಿದ್ದರೆ ಬೀಜದ ಗೊನೆಯೂ ಹಂಡೆಗೆ ಹೋಗುತ್ತದೆ. ಬೀಜಕ್ಕೆ ಪೂರ್ಣ ಹಣ್ಣಾದ ಗೋಟೇ ಬೇಕು. ಕೆಂಪಡಿಕೆಯ ಸೀಮೆಯಲ್ಲಿ ಗೊನೆ ಹಣ್ಣಾಗಲು ಬಿಡುವುದು ನಷ್ಟವೆಂದು ತೋರಬಹುದು. ಸಂತೆಯ ಸಸಿಯ ಬೆಲೆಯೊಂದಿಗೆ ಹೋಲಿಸಿ ನೋಡಿದರೆ ಅದು ನಷ್ಟವಲ್ಲ.

5. ಕಾಯಿ ಆರಿಸುವುದು. 35 ಗ್ರಾಂಗಿಂತ ಹೆಚ್ಚು ತೂಗುವ ಗೋಟುಗಳನ್ನು ನೀರಿಗೆ ಹಾಕಿರಿ. ತೊಟ್ಟು ಮೇಲೆ ಮಾಡಿ ನೆಟ್ಟಗೆ ತೇಲುವವು ಪುಷ್ಟವಾದ ಸಸಿ ಕೊಡುತ್ತವೆ. ಅಡ್ಡ ತೇಲುವವನ್ನು ಬಿಡಿ. ಮರಳಿನ ಪಾತಿಯಲ್ಲೂ ತೊಟ್ಟು ಮೇಲಾಗಿಯೇ ಊರಿರಿ.

6. ಸಸಿ ಆರಿಸುವುದು. ಸಂತೆಯಲ್ಲಿ ಎಲ್ಲರ ಕಣ್ಣು ಎತ್ತರದ ಸಸಿಯ ಮೇಲೆ. ಇದು ತಪ್ಪು. 12ರಿಂದ 18 ತಿಂಗಳ ಸಸಿಯ ಎಲೆಗಳ ಸಂಖ್ಯೆಯನ್ನು 40ರಿಂದ ಗುಣಿಸಿ, ಅದರಿಂದ ಸಸಿಯ ಎತ್ತರವನ್ನು ಸೆಂಟಿಮೀಟರಿನಲ್ಲಿ ಕಳೆಯಿರಿ. 5 ಎಲೆಯ, 90 ಸೆಂ.ಮೀ. ಎತ್ತರದ ಸಸಿಗೆ 200ರಲ್ಲಿ 90 ಕಳೆದರೆ 110 ಅಂಕ. 4 ಎಲೆಯ, 120 ಸೆಂ.ಮೀ. ಎತ್ತರದ ಸಸಿಗೆ 160ರಲ್ಲಿ 120 ಕಳೆದರೆ 40 ಅಂಕ. ಹೆಚ್ಚು ಅಂಕದ ಸಸಿಯನ್ನೇ ಆರಿಸಿರಿ. ಎಲೆ ಹೆಚ್ಚು, ಎತ್ತರ ಕಡಿಮೆ, ಬುಡ ದಪ್ಪ: ಇದೇ ಒಳ್ಳೆಯ ಸಸಿ. ಹೋಲಿಸುವ ಸಸಿಗಳು ಒಂದೇ ವಯಸ್ಸಿನವು, ಒಂದೇ ನೆರಳಿನಲ್ಲಿ ಬೆಳೆದವು ಆಗಿರಬೇಕು.

7. ಒಂದೇ ಮರದ ಮೇಲೆ ಭಾರ ಹಾಕಬೇಡಿ. ಇಡೀ ತೋಟಕ್ಕೆ ಒಂದೇ ಮರದ ಗೋಟು ಸಾಕೆಂದು ತಿಳಿಯುವುದು ಕೆಂಟ್ ಕಾಫಿಯ ಕಥೆಯನ್ನು ಮರೆತಂತೆ. ಹತ್ತಾರು ಉತ್ತಮ ಮರಗಳಿಂದ ಬೀಜ ಕೂಡಿಸಿರಿ. ಸಣ್ಣ ಹಿಡುವಳಿಯಲ್ಲಿ ಅಷ್ಟು ಮರ ಸಿಗದಿದ್ದರೆ ಊರಿನ ನಾಲ್ಕೈದು ತೋಟಗಾರರು ಸೇರಿ ತಮ್ಮ ತಮ್ಮ ತೋಟದ ಮರಗಳನ್ನು ಗುರುತಿಸಿ, ಒಟ್ಟಿಗೆ ಒಂದೇ ಪಾತಿ ಮಾಡಿಕೊಳ್ಳಬಹುದು. ಸಹಕಾರವೆಂದರೆ ಇದೇ.

8. ಕಾಫಿ ಸದಸ್ಯರಿಗೆ. ಅರೇಬಿಕಾದಲ್ಲಿ ಬೇರೆ ತಳಿ ಬೆರೆಯದ ತಾಕಿನ ಆರೋಗ್ಯವಂತ ಗಿಡಗಳಿಂದ ಬೀಜ ಆರಿಸಿದರೆ ಗುಣ ಬಹುಮಟ್ಟಿಗೆ ಉಳಿಯುತ್ತದೆ. ರೊಬಸ್ಟಾದಲ್ಲಿ ಹಾಗಲ್ಲ. ಅಲ್ಲಿ ಬೀಜವನ್ನು ಸಂಶೋಧನಾ ಕೇಂದ್ರದ ಬೀಜದ ತಾಕಿನಿಂದ ತರುವುದು, ಇಲ್ಲವೇ ಉತ್ತಮ ಗಿಡದ ಕಸಿ ಕಟ್ಟುವುದು ಸೂಕ್ತ.

ತಳಿಯಿಂದ ಆಗದ ಕೆಲಸ

ಕಡೆಯದಾಗಿ ಒಂದು ಎಚ್ಚರಿಕೆ. ತಳಿ ಎಷ್ಟೇ ಉತ್ತಮವಾದರೂ ಕೆಲವು ಕೆಲಸಗಳನ್ನು ಅದು ಮಾಡಲಾರದು. ಭತ್ತದ ಗದ್ದೆಯ ಗಟ್ಟಿ ತಳದಲ್ಲಿ ನೀರು ನಿಂತರೆ ಹಿಡಿಮುಂಡಿಗೆ ಬರುತ್ತದೆ. ಅದಕ್ಕೆ ಮದ್ದು ಬಸಿಗಾಲುವೆ, ಬೀಜವಲ್ಲ. ಹಳದಿ ಎಲೆ ರೋಗವನ್ನು ಪೂರ್ಣವಾಗಿ ತಡೆಯುವ ತಳಿ ರೈತರ ಕೈಗೆ ಬಂದಿಲ್ಲ. ಆದುದರಿಂದ ರೋಗವಿರುವ ಸೀಮೆಯಿಂದ ಸಸಿ ತರದಿರುವುದೇ ಕ್ಷೇಮ. ನಾಲೆಯ ಕೊನೆಭಾಗದಲ್ಲಿ ನೀರಿನ ಭರವಸೆ ಎಷ್ಟೆಂಬುದನ್ನು 2023ರ ಬರಗಾಲ ಎಲ್ಲರಿಗೂ ತೋರಿಸಿದೆ. ಬೇಸಗೆಗೆ ಬಾವಿಯ ನೀರಿನ ಆಧಾರವಿಲ್ಲದ ಗದ್ದೆಗೆ ಯಾವ ತಳಿಯ ಸಸಿಯನ್ನೂ ನೆಡುವ ಮುನ್ನ ಎರಡು ಸಲ ಯೋಚಿಸಬೇಕು.

ತಳಿಗಳ ವಿಷಯದಲ್ಲಿ ಸಂದೇಹ ಬಂದವರು ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ, ತೋಟಗಾರಿಕೆ ಇಲಾಖೆಯನ್ನಾಗಲಿ ವಿಚಾರಿಸಬಹುದು. ಸಂತೆಯಲ್ಲಿ ಸಸಿ ಕೊಳ್ಳಲೇಬೇಕಾದವರು ಬೆಲೆ ಕೇಳುವ ಮೊದಲು ತಾಯಿಮರ ಎಲ್ಲಿದೆ ಎಂದು ಕೇಳಿರಿ. ತೋರಿಸುತ್ತೇನೆ ಎಂದವನ ಜೊತೆ ಹೋಗಿ ನೋಡಿ ಬನ್ನಿರಿ. ತೋರಿಸಲಾರೆ ಎಂದವನ ಸಸಿ ಅಗ್ಗವಾದರೂ ಬೇಡ. ಈ ವರ್ಷ ನೆಡುವ ಆತುರವಿಲ್ಲದವರು ಇಂದೇ ತೋಟಕ್ಕೆ ಹೋಗಿ ಹತ್ತು ಮರಗಳಿಗೆ ಗುರುತು ಹಾಕಲಿ. ಒಂದು ಡಬ್ಬಿ ಬಣ್ಣ, ಒಂದು ನೋಟುಪುಸ್ತಕ, ಇವೆರಡರ ಹೊರತು ಬೇರೆ ಖರ್ಚಿಲ್ಲ.